ಬೈಪಾಸಿನ ಆಚೆ ಉಳಿದ ನಾಲ್ಕು ಊರು

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಸುಮಾರು 118 ಕಿಲೋಮೀಟರ್ ಉದ್ದದ ಈ ರಸ್ತೆಯಿಂದ ಮೂರು ತಾಸಿನ ಪ್ರಯಾಣ ಹೆಚ್ಚುಕಡಿಮೆ ಒಂದೂವರೆ ತಾಸಿಗೆ ಇಳಿಯಿತು. ದಿನಾ ಓಡಾಡುವವರಿಗೆ ಅನುಕೂಲವಾದದ್ದು ನಿಜ. ಆದರೆ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಈ ರಸ್ತೆ ಊರಾಚೆಯಿಂದಲೇ ದಾಟಿಸಿಬಿಡುತ್ತದೆ. ರಾಮನಗರ, ಚನ್ನಪಟ್ಟಣ ಎರಡನ್ನೂ ಬಳಸಿ ಹೋಗುವ ಬೈಪಾಸೇ 22 ಕಿಲೋಮೀಟರಿನಷ್ಟಿದೆ. ಹಳೆಯ ರಸ್ತೆಯ ಪಕ್ಕದಲ್ಲಿ ಬೊಂಬೆ ತೂಗುಹಾಕಿಕೊಂಡು ಕೂತಿದ್ದವರು, ತಟ್ಟೆ ಇಡ್ಲಿ ಹೋಟೆಲಿನವರು, ಎಳನೀರಿನವರು ಎಲ್ಲರೂ ಅಂದಿನಿಂದ ಹೇಳುತ್ತಿರುವುದು ಒಂದೇ ಮಾತು: ಗಾಡಿಗಳು ಈ ಕಡೆ ತಿರುಗುತ್ತಿಲ್ಲ.

2007ರಲ್ಲಿ ಹುಟ್ಟಿದ ರಾಮನಗರ ಜಿಲ್ಲೆಯ ಹೆಸರನ್ನು ಸರ್ಕಾರ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಬದಲಿಸಿತು. ಹೆಸರು ಬದಲಾದರೂ ಬೆಂಗಳೂರಿನವರು ಈ ಸೀಮೆಯನ್ನು ನೋಡುವ ರೀತಿ ಬದಲಾಗಿಲ್ಲ. ಭಾನುವಾರ ಬೆಳಿಗ್ಗೆ ಸಾವನದುರ್ಗ ಹತ್ತುವುದು, ಮೇಕೆದಾಟಿನಲ್ಲಿ ಫೋಟೊ ತೆಗೆಸಿಕೊಳ್ಳುವುದು, ರಾಮದೇವರಬೆಟ್ಟದಲ್ಲಿ ‘ಶೋಲೆಯ ಗಬ್ಬರ್ ಸಿಂಗ್ ಕೂತ ಬಂಡೆ ಯಾವುದು’ ಎಂದು ಕೇಳುವುದು, ಮಧ್ಯಾಹ್ನದ ಊಟಕ್ಕೆ ಮನೆ ಸೇರುವುದು. ಊಟದ ಡಬ್ಬಿ, ನೀರಿನ ಬಾಟಲಿ ಎಲ್ಲವೂ ಮನೆಯಿಂದಲೇ ಬರುತ್ತವೆ. ಊರಿಗೆ ಉಳಿಯುವುದು ಖಾಲಿ ಬಾಟಲಿ ಮಾತ್ರ.

ಇಂಥ ಪ್ರವಾಸಿಗಳ ಕಷ್ಟ ನಮ್ಮದೊಂದೇ ಅಲ್ಲ. ಇಟಲಿಯ ವೆನಿಸ್ ನಗರ 2024ರ ಏಪ್ರಿಲ್ 25ರಿಂದ, ರಾತ್ರಿ ತಂಗದೆ ಬೆಳಿಗ್ಗೆ ಬಂದು ಸಂಜೆ ಹೋಗುವವರಿಂದ ಜನಸಂದಣಿಯ ದಿನಗಳಲ್ಲಿ 5 ಯೂರೊ ಪ್ರವೇಶ ಶುಲ್ಕ ವಸೂಲಿ ಮಾಡಲು ಶುರು ಮಾಡಿತು. ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಮನೆಗಳ ಪರವಾನಗಿಯನ್ನು 2028ರ ಹೊತ್ತಿಗೆ ಕೊನೆಗಾಣಿಸುವುದಾಗಿ ಅದೇ ವರ್ಷ ಸ್ಪೇನಿನ ಬಾರ್ಸಿಲೋನಾ ಪ್ರಕಟಿಸಿತು. ಮೆಡಿಟರೇನಿಯನ್ ಕಡಲತೀರದ ಆ ಊರುಗಳಿಗೆ ಜನ ಬಂದು ಬಂದು ಸಾಕಾಗಿದೆ. ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರ ಎಂಬ ನಮ್ಮ ನಾಲ್ಕು ಊರುಗಳ ಸಂಕಟ ಬೇರೆ ಥರದ್ದು. ಬೆಟ್ಟದ ಬುಡದಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಊರೊಳಗಿನ ಕಾರ್ಖಾನೆಯಲ್ಲಿ, ಮ್ಯೂಸಿಯಮ್ಮಿನಲ್ಲಿ ಜನವೇ ಇರುವುದಿಲ್ಲ. ಇಲ್ಲಿನ ತಾಣಗಳನ್ನು ಒಂದೊಂದು ಚಿತ್ರವಾಗಿ ಕತ್ತರಿಸಿ ನೋಡುತ್ತಿರುವುದೇ ಇದಕ್ಕೆ ಕಾರಣ ಎಂದು ನನಗನ್ನಿಸುತ್ತದೆ. ಒಂದೇ ಬಂಡೆ, ಒಂದೇ ಹೊಳೆ, ಅವನ್ನು ನಂಬಿ ಬದುಕಿದ ಜನ ಎಂದು ನೋಡಿದರೆ ಈ ಸೀಮೆ ಬೇರೆಯದೇ ಆಗಿ ಕಾಣುತ್ತದೆ.

ಮೊದಲು ಬಂಡೆಯ ವಿಚಾರ. ಟಿಪ್ಪುವಿನ ಪತನದ ನಂತರ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರಿನಿಂದ ರಾಮನಗರಕ್ಕೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಅದನ್ನು ರಾಮನಗರ ಮಾಡಿದವರು ಇದೇ ಸೀಮೆಯ ಕೆಂಗಲ್ ಹನುಮಂತಯ್ಯನವರು. ಊರಿನ ಬೋರ್ಡುಗಳಿಂದ ಹೋದ ಹಳೆಯ ಹೆಸರು ಭೂವಿಜ್ಞಾನದ ಪುಸ್ತಕಗಳಲ್ಲಿ ಉಳಿದುಕೊಂಡಿತು. ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂದರೆ ಜಗತ್ತಿನ ಭೂವಿಜ್ಞಾನಿಗಳಿಗೆಲ್ಲ ಗೊತ್ತು. ಕನಕಪುರದ ದಕ್ಷಿಣದಿಂದ ಹೊರಟು ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಹಬ್ಬಿರುವ ಈ ಕಲ್ಲಿನ ಪಟ್ಟಿಯ ವಯಸ್ಸು ಸುಮಾರು 250 ಕೋಟಿ ವರ್ಷ.

ಇದು ಒಂದು ಕಾಲಕ್ಕೆ ನೆಲದಡಿ ಹಲವು ಕಿಲೋಮೀಟರ್ ಆಳದಲ್ಲಿ ನಿಧಾನವಾಗಿ ತಣ್ಣಗಾಗಿ ಹೆಪ್ಪುಗಟ್ಟಿದ ಕಲ್ಲು. ಮೇಲಿದ್ದ ಹೊದಿಕೆಯನ್ನು ಮಳೆ, ಗಾಳಿ, ಹೊಳೆಗಳು ಕೋಟ್ಯಂತರ ವರ್ಷ ಸವೆಸಿದ ಮೇಲೆ ಇದು ಬಯಲಿಗೆ ಬಂತು. ಬಿರುಕು ಹೆಚ್ಚಿದ್ದ ಕಡೆ ನೀರು ಇಳಿದು ಕಲ್ಲು ಪುಡಿಯಾಗಿ ಹೊಲವಾಯಿತು. ಬಿರುಕೇ ಇಲ್ಲದ ಗಟ್ಟಿ ಭಾಗ ಹಾಗೇ ನಿಂತು ಬೆಟ್ಟವಾಯಿತು. ರಾಮನಗರದಲ್ಲಿ ಸಪಾಟು ಹೊಲದ ನಡುವೆ ಇದ್ದಕ್ಕಿದ್ದಂತೆ ಬೋಳು ಬೆಟ್ಟ ಎದ್ದು ನಿಂತಿರುವುದು ಹೀಗೆ. ಮೇಲಿನ ಭಾರ ಕಳೆದುಕೊಂಡ ಬಂಡೆ ಹಿಗ್ಗಿ, ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಕಳಚುತ್ತದೆ. ಕಡಿದಾದ ಬಂಡೆಯ ಮುಖದಲ್ಲಿ ಹಾಗೆ ಪದರ ಕಳಚಿದ ಕಡೆ ಉಳಿಯುವ ಅಟ್ಟದಂಥ ಅಂಚುಗಳೇ ರಣಹದ್ದಿಗೆ ಗೂಡಿನ ಜಾಗ.

ರಾಮದೇವರಬೆಟ್ಟದ ಮೇಲೆ ಪಟ್ಟಾಭಿರಾಮನ ಗುಡಿಯಿದೆ. ಶ್ರೀರಾಮ ಇಲ್ಲಿ ಕಾಕಾಸುರನನ್ನು ಸಂಹರಿಸಿದ ಎಂಬುದು ಸ್ಥಳಪುರಾಣ. ಭಕ್ತರಿಗೆ ಅದು ರಾಮನ ಬೆಟ್ಟ, ಸಿನಿಮಾ ನೋಡಿದವರಿಗೆ ‘ಶೋಲೆ’ ಬೆಟ್ಟ. 1973ರಲ್ಲಿ ಚಿತ್ರೀಕರಣ ಶುರುವಾಗಿ 1975ರ ಆಗಸ್ಟ್ 15ರಂದು ತೆರೆಕಂಡ ಆ ಚಿತ್ರಕ್ಕಾಗಿ ಬೆಟ್ಟದ ತಪ್ಪಲಲ್ಲಿ ‘ರಾಮಗಢ’ ಎಂಬ ಹಳ್ಳಿಯನ್ನೇ ಕಟ್ಟಿದ್ದರು. ಆ ಸೆಟ್ ಈಗಿಲ್ಲ. ಡೇವಿಡ್ ಲೀನ್ 1984ರ ತಮ್ಮ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರಕ್ಕೂ ಈ ಸೀಮೆಯ ಬಂಡೆಗಳನ್ನೇ ಹುಡುಕಿಕೊಂಡು ಬಂದರು. ಚಿತ್ರದ ಗುಹೆಗಳಿಗಾಗಿ ಇಲ್ಲಿನ ಕಲ್ಲನ್ನೇ ಕೊರೆಸಿದರು.

ಈ ಬೆಟ್ಟಕ್ಕೆ ಮೂರನೆಯ ಹಕ್ಕುದಾರನೊಬ್ಬನಿದ್ದಾನೆ, ಉದ್ದ ಕೊಕ್ಕಿನ ರಣಹದ್ದು. 2012ರಲ್ಲಿ ಸರ್ಕಾರ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ರಣಹದ್ದು ಅಭಯಾರಣ್ಯವೆಂದು ಘೋಷಿಸಿತು. 1990ರ ದಶಕದಿಂದ ಈಚೆಗೆ ದೇಶದಲ್ಲಿ ಈ ಹಕ್ಕಿಗಳ ಸಂಖ್ಯೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಕುಸಿಯಿತು. ದನಗಳಿಗೆ ನೋವು ನಿವಾರಕವಾಗಿ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ ಇದಕ್ಕೆ ಮುಖ್ಯ ಕಾರಣ. ಔಷಧಿ ಪಡೆದ ದನ ಸತ್ತು, ಅದರ ಮಾಂಸ ತಿಂದ ಹದ್ದಿನ ಮೂತ್ರಪಿಂಡ ಕೆಲವೇ ದಿನಗಳಲ್ಲಿ ಕೆಡುತ್ತದೆ. 2006ರಲ್ಲಿ ಜಾನುವಾರುಗಳಿಗೆ ಅದನ್ನು ಕೊಡುವುದು ನಿಷೇಧವಾಯಿತು. ಆದರೆ ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಹಕ್ಕಿಯ ಸಂತತಿ ಬೇಗ ಚೇತರಿಸಿಕೊಳ್ಳುವುದಿಲ್ಲ. ರಾಮನಗರದಲ್ಲಿ ಈಗ ಕಾಣಸಿಗುವುದು ಬೆರಳೆಣಿಕೆಯಷ್ಟು ಮಾತ್ರ. ಬೆಳಗಿನ ಹೊತ್ತು ಬಂಡೆಯ ಮುಖವನ್ನು ದೂರದಿಂದ ನೋಡಿ. ಕಪ್ಪು ಕಲ್ಲಿನ ಮೇಲೆ ಸುಣ್ಣ ಬಳಿದಂತೆ ಬಿಳಿ ಗೆರೆ ಇಳಿದಿದ್ದರೆ ಅದು ಹಿಕ್ಕೆಯ ಗುರುತು, ಗೂಡು ಅದರ ಮೇಲೆಯೇ ಇರುತ್ತದೆ.

ಇಲ್ಲಿ ‘ಶೋಲೆ’ ಹೆಸರಿನಲ್ಲಿ ಹಳ್ಳಿ ಕಟ್ಟಬೇಕು, ದೊಡ್ಡ ದೇಗುಲ ಕಟ್ಟಬೇಕು ಎಂಬ ಪ್ರಸ್ತಾಪಗಳು ಆಗಾಗ ಬಂದಿವೆ. ಈ ಬೆಟ್ಟಕ್ಕೆ ಇನ್ನೊಂದು ಕಲ್ಲನ್ನೂ ತಂದು ಸೇರಿಸಬೇಕಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಪಟ್ಟಾಭಿರಾಮನ ಗುಡಿ ಇದೆ, ಹೋಗಲು ಮೆಟ್ಟಿಲಿದೆ. ಸಿನಿಮಾದ ನೆನಪಿಗೆ ಒಂದು ಕೊಠಡಿ ಬೇಕಿದ್ದರೆ ಅದನ್ನು ಊರೊಳಗೆ, ರೈಲು ನಿಲ್ದಾಣದ ಹತ್ತಿರ ಮಾಡಲಿ. ಊರಿಗೆ ಜನವೂ ಬರುತ್ತಾರೆ, ಹದ್ದಿಗೆ ನೆಮ್ಮದಿಯೂ ಉಳಿಯುತ್ತದೆ.

ಬೆಟ್ಟ ಇಳಿದವರು ನೇರ ಹೆದ್ದಾರಿ ಹಿಡಿಯದೆ ಪೇಟೆಯ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗಬೇಕು. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಮಾರುಕಟ್ಟೆ ಇದು. ಬೆಳಗಾಗುವ ಮೊದಲೇ ಸುತ್ತಲಿನ ಜಿಲ್ಲೆಗಳಿಂದ, ಆಂಧ್ರ, ತಮಿಳುನಾಡಿನ ಗಡಿಯಿಂದಲೂ ರೈತರು ಮೂಟೆ ಹೊತ್ತು ತರುತ್ತಾರೆ. ಹಳದಿ ಬಣ್ಣದ ಮಿಶ್ರತಳಿ ಗೂಡು ಒಂದು ಕಡೆ, ಬಿಳಿಯ ದ್ವಿತಳಿ ಗೂಡು ಇನ್ನೊಂದು ಕಡೆ. ಗೂಡಿನಿಂದ ನೂಲು ತೆಗೆಯುವ ರೀಲರ್ ಬಂದು ರಾಶಿಗೆ ಕೈಹಾಕಿ ನಾಲ್ಕು ಗೂಡು ಎತ್ತಿ, ಬೆರಳಲ್ಲಿ ಅಮುಕಿ, ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಾನೆ. ಒಳಗಿನ ಕೋಶ ಸರಿಯಾಗಿದೆಯೋ, ಸತ್ತು ಅಂಟಿದೆಯೋ ಎಂಬುದು ಆ ಸದ್ದಿನಲ್ಲೇ ಅವನಿಗೆ ತಿಳಿಯುತ್ತದೆ. ಹರಾಜು ಈಗ ಮೊಬೈಲಿನಲ್ಲಿ ನಡೆದರೂ ಕೈಹಾಕಿ ನೋಡುವ ಪದ್ಧತಿ ಹೋಗಿಲ್ಲ. ತಿಂಗಳು ಪೂರ್ತಿ ಹಿಪ್ಪುನೇರಳೆ ಸೊಪ್ಪು ಕೊಯ್ದು, ಚಾಕಿ ಎಂಬ ಎಳೆ ಹುಳುವಿನಿಂದ ಗೂಡು ಕಟ್ಟಿಸುವ ಚಂದ್ರಿಕೆಯವರೆಗೆ ನಿದ್ದೆಗೆಟ್ಟು ಸಾಕಿದ ಕುಟುಂಬದ ಆದಾಯ ಇಲ್ಲಿ ಕೆಲವೇ ನಿಮಿಷಗಳಲ್ಲಿ ನಿಗದಿಯಾಗುತ್ತದೆ. ದರ ಬಿದ್ದ ದಿನ ರೈತರ ಮುಖ ನೋಡಲಾಗುವುದಿಲ್ಲ. ಮದುವೆಗೆ ರೇಷ್ಮೆ ಸೀರೆ ಕೊಳ್ಳುವ ನಮ್ಮಂಥವರೆಲ್ಲ ಒಮ್ಮೆ ಇಲ್ಲಿ ನಿಂತು ನೋಡಬೇಕು. ದಾರಿಗೆ ಅಡ್ಡ ನಿಲ್ಲದೆ, ಕೇಳದೆ ಫೋಟೊ ತೆಗೆಯದೆ ನೋಡಿದರೆ ಸಾಕು.

ರಾಮನಗರದಿಂದ ಚನ್ನಪಟ್ಟಣದ ಕಡೆ ಹಳೆಯ ರಸ್ತೆಯಲ್ಲಿ ಸಿಗುವುದು ಜಾನಪದ ಲೋಕ. ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು. ಹಳ್ಳಿ ಹಳ್ಳಿ ತಿರುಗಿ ಹಾಡು, ಕಥೆ, ವಸ್ತುಗಳನ್ನು ಕೂಡಿಹಾಕಿದರು. ಅದೆಲ್ಲಕ್ಕೂ ಒಂದು ಸೂರು ಬೇಕೆಂದು 15 ಎಕರೆಯಲ್ಲಿ ಈ ಲೋಕ ಎಬ್ಬಿಸಿ 1994ರಲ್ಲಿ ನಾಡಿಗೆ ಕೊಟ್ಟರು. ಒನಕೆ, ಒರಳು, ಬೀಸುವ ಕಲ್ಲು, ಕೊಳಗ, ಮೀನಿನ ಕೂಳಿ, ತೊಗಲುಗೊಂಬೆ, ಸೋಮನ ಮುಖ. ಅಜ್ಜಿಯ ಮನೆಯಲ್ಲಿ ಇದ್ದು ಹಾಳಾಗಿ ಹೋದ ಎಷ್ಟೋ ಸಾಮಾನು ಇಲ್ಲಿ ಹೆಸರು ಹೊತ್ತು ಕೂತಿವೆ. ಹೊಸ ಹೆದ್ದಾರಿಯ ಏಟು ಹೆಚ್ಚು ಬಿದ್ದದ್ದು ಇಂಥ ಸಂಸ್ಥೆಗೆ. ಬೊಂಬೆ ಅಂಗಡಿಯವರು ಜಾಗ ಬದಲಿಸಬಹುದು, 15 ಎಕರೆಯ ಜಾನಪದ ಲೋಕ ಎಲ್ಲಿಗೆ ಹೋದೀತು? ಶಾಲೆಗಳು ಪ್ರವಾಸಕ್ಕೆ ಮಕ್ಕಳನ್ನು ಕರೆತರುವುದೊಂದೇ ಇದನ್ನು ಉಳಿಸುವ ದಾರಿ ಎನ್ನುವ ಪರಿಸ್ಥಿತಿ ಬರಬಾರದು.

ಚನ್ನಪಟ್ಟಣದ ಬೊಂಬೆಗೆ 2005–06ರಲ್ಲೇ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದ್ದ ಎಂಬುದು ಊರಿನವರು ಹೇಳಿಕೊಂಡು ಬಂದ ಮಾತು. ಜಪಾನಿನ ಕುಸುರಿಯನ್ನು ಕಲಿತು ಇಲ್ಲಿನವರಿಗೆ ಹೇಳಿಕೊಟ್ಟ ಬಾವಾಸ್ ಮಿಯಾ ಅವರನ್ನು ಈ ಕಸುಬಿನ ಪಿತಾಮಹನೆಂದು ಇಂದಿಗೂ ನೆನೆಯುತ್ತಾರೆ. ಈ ಬೊಂಬೆಯನ್ನು ಅಂಗಡಿಯಲ್ಲಿ ನೋಡುವುದಕ್ಕಿಂತ ಮಾಡುವಾಗ ನೋಡಬೇಕು. ಇದಕ್ಕೆ ಬಳಸುವ ಆಲೆ ಮರ ಮೆತ್ತನೆಯ ಬಿಳಿ ಮರ, ಎಳೆ ಕಾಣದಷ್ಟು ನಯ. ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸಿದ ತುಂಡನ್ನು ಲೇತಿಗೆ ಸಿಕ್ಕಿಸಿ, ಕೆಲಸಗಾರ ಉಳಿ ಹಿಡಿದು ಕೂರುತ್ತಾನೆ. ಅಳತೆ ಕಣ್ಣಲ್ಲೇ. ಸುರುಳಿ ಸುರುಳಿಯಾಗಿ ಹೊಟ್ಟು ಹಾರುತ್ತಾ ಒಂದು ತಲೆ, ಒಂದು ಕತ್ತು, ಒಂದು ದುಂಡು ಹೊಟ್ಟೆ ಮೂಡುತ್ತವೆ.

ಬಣ್ಣ ಹಚ್ಚಲು ಕುಂಚ ಬೇಡ. ಅರಗಿನ ಹುಳು ಮರದ ರೆಂಬೆಯ ಮೇಲೆ ಸುರಿಸುವ ಅಂಟನ್ನು ಶುದ್ಧ ಮಾಡಿ, ಬಣ್ಣ ಕಲಸಿ ಕಡ್ಡಿ ಮಾಡಿಟ್ಟಿರುತ್ತಾರೆ. ಗರಗರ ತಿರುಗುವ ಮರಕ್ಕೆ ಆ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆಮೇಲೆ ಒಣಗಿದ ತಾಳೆಗರಿಯನ್ನು ಒತ್ತಿ ಹಿಡಿಯುತ್ತಾನೆ. ಅದುವರೆಗೆ ಮಂಕಾಗಿದ್ದ ಬಣ್ಣ ಗರಿ ತಾಗಿದ್ದೇ ತಡ ಕನ್ನಡಿಯಾಗುತ್ತದೆ. ಇಷ್ಟು ನೋಡಿದ ಮಗು ಆ ಬೊಂಬೆಯನ್ನು ಬೇಗ ಮೂಲೆಗೆ ಎಸೆಯುವುದಿಲ್ಲ. ಅರಗಿಗೆ ಅರಿಶಿನದಂಥ ಸಸ್ಯಮೂಲದ ಬಣ್ಣ ಬೆರೆಸಿ ಮಾಡಿದ ಬೊಂಬೆಯಾದರೆ ಮಗು ಬಾಯಿಗಿಟ್ಟುಕೊಂಡರೂ ತಾಯಿಗೆ ಭಯವಿಲ್ಲ.

ಅಗ್ಗದ ಚೀನಾ ಪ್ಲಾಸ್ಟಿಕ್ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಲೇತು ನಿಂತಿತು. ಹೊಸ ವಿನ್ಯಾಸಕಾರರ ಜೊತೆ ಸೇರಿ ಗುಂಡಿ, ಓಲೆ, ಮಣಿ ಪರದೆ ಮಾಡಲು ಕಲಿತವರು ಒಂದಿಷ್ಟು ಉಸಿರಾಡುತ್ತಿದ್ದಾರೆ. ಚನ್ನಪಟ್ಟಣದ ಹೆಸರಿನಲ್ಲಿ ಮಾರುವುದೆಲ್ಲ ಚನ್ನಪಟ್ಟಣದ್ದಲ್ಲ, ಅದನ್ನೂ ನೆನಪಿಡಿ. ಊರೊಳಗಿನ ಕಲಾನಗರದ ಕಡೆ ಹೋಗಿ, ಲೇತಿನ ಸದ್ದು ಕೇಳಿಸಿದ ಮನೆಯಲ್ಲಿ ಕೊಂಡರೆ ಮಾಲೂ ಸಾಚಾ, ದುಡ್ಡೂ ಮಾಡಿದವನ ಕೈಗೇ.

ಚನ್ನಪಟ್ಟಣ ದಾಟಿದರೆ ದೊಡ್ಡಮಳೂರು. ಅಪ್ರಮೇಯಸ್ವಾಮಿಯ ಹಳೆಯ ದೇಗುಲದಲ್ಲಿ ಅಂಬೆಗಾಲಿಡುವ ಪುಟ್ಟ ಕೃಷ್ಣನಿದ್ದಾನೆ. ಮಕ್ಕಳಿಲ್ಲದವರು ಹರಕೆ ಹೊತ್ತು ತೊಟ್ಟಿಲು ಕಟ್ಟುತ್ತಾರೆ. ಆಡುವ ಮಗುವನ್ನು ದೇವರೆಂದು ಪೂಜಿಸುವ ಗುಡಿಯೂ ಮಕ್ಕಳ ಬೊಂಬೆ ಮಾಡುವ ಊರೂ ಅಕ್ಕಪಕ್ಕದಲ್ಲೇ ಇರುವುದು ನನಗೆ ಯಾವಾಗಲೂ ಸಂತೋಷ ಕೊಡುವ ಸಂಗತಿ.

ಮಾಗಡಿಯನ್ನು ಬೆಂಗಳೂರಿನ ಚರಿತ್ರೆಯ ಎರಡನೆಯ ಅಧ್ಯಾಯವೆಂದೇ ಓದಬೇಕು. 1638ರಲ್ಲಿ ಬಿಜಾಪುರದ ಸೈನ್ಯ ಬೆಂಗಳೂರನ್ನು ವಶಪಡಿಸಿಕೊಂಡಾಗ ಕೆಂಪೇಗೌಡರ ವಂಶದವರು ಹಿಂದೆ ಸರಿದು ನೆಲೆ ನಿಂತದ್ದು ಇಲ್ಲಿ. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಸಾವನದುರ್ಗ ಅವರ ಬೆನ್ನಿಗಿದ್ದ ಕೋಟೆ. 1728ರಲ್ಲಿ ಅದು ಮೈಸೂರಿನ ಪಾಲಾಯಿತು. ಹತ್ತಲಾಗದ ಕೋಟೆ ಎಂದು ಹೆಸರಾಗಿದ್ದ ಇದೇ ದುರ್ಗವನ್ನು 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಬ್ರಿಟಿಷ್ ಸೈನ್ಯ ಹಿಡಿಯಿತು. ಆ ಸೈನ್ಯದ ಜೊತೆಗಿದ್ದ ಚಿತ್ರಕಾರ ರಾಬರ್ಟ್ ಹೋಮ್ ಬರೆದ ಸಾವನದುರ್ಗದ ಚಿತ್ರಗಳು 1794ರಲ್ಲಿ ಪುಸ್ತಕವಾಗಿ ಅಚ್ಚಾದವು. ನಾವು ಮೊಬೈಲಿನಲ್ಲಿ ಹಿಡಿಯುವ ನೋಟವನ್ನು ಹೊರಜಗತ್ತು ಕಂಡಿದ್ದು ಹಾಗೆ, ಯುದ್ಧದ ದಾರಿಯಲ್ಲಿ. ಬಂಡೆ ಹತ್ತುವ ಆತುರದಲ್ಲಿ ಬುಡದಲ್ಲಿರುವ ವೀರಭದ್ರನನ್ನೂ ನರಸಿಂಹನನ್ನೂ ಬಹಳ ಜನ ನೋಡುವುದಿಲ್ಲ. ಮಾಗಡಿಯ ರಂಗನಾಥ, ಸೋಮೇಶ್ವರ ದೇವಸ್ಥಾನಗಳಿಗೂ, 2015ರಲ್ಲಿ ಕೆಂಪೇಗೌಡರದೆಂದು ಗುರುತಿಸಲಾದ ಕೆಂಪಾಪುರದ ಸಮಾಧಿಗೂ ಹೋಗುವವರು ಇನ್ನೂ ಕಡಿಮೆ.

ಮಾಗಡಿ ತಾಲ್ಲೂಕಿನ ಕಲ್ಯಕ್ಕಂತೂ ಹೋಗುವವರೇ ಇಲ್ಲವೆನ್ನಬೇಕು. ವಿಜಯನಗರದ ಬುಕ್ಕರಾಯನ 1368ರ ತೀರ್ಪಿನ ಶಾಸನ ಸಿಕ್ಕಿದ ಊರು ಅದು. ಇದೇ ತೀರ್ಪಿನ ಇನ್ನೊಂದು ಪ್ರತಿ ಶ್ರವಣಬೆಳಗೊಳದಲ್ಲಿದೆ. ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ಜೈನರು ದೂರು ಕೊಟ್ಟಾಗ ರಾಜ ಎರಡೂ ಕಡೆಯವರನ್ನು ಕರೆಸಿದ. ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ, ಜೈನರಿಗೆ ಆಗುವ ಹಾನಿ ನಿಮಗೇ ಆದಂತೆ ಎಂದು ವೈಷ್ಣವರಿಗೆ ಹೊಣೆ ಹೊರಿಸಿದ. ಸಾವನದುರ್ಗಕ್ಕೆ ಬರುವ ಸಾವಿರಾರು ಜನರಲ್ಲಿ ನೂರಕ್ಕೆ ಒಬ್ಬರಾದರೂ ಈ ಊರನ್ನು ಕೇಳಿಕೊಂಡು ಹೋಗುವಂತೆ ರಸ್ತೆಯಲ್ಲಿ ಒಂದು ದೊಡ್ಡ ಫಲಕ ಬೇಕು.

ಈ ಸೀಮೆಯ ಹೊಳೆ ಅರ್ಕಾವತಿ. ನಂದಿಬೆಟ್ಟದಲ್ಲಿ ಹುಟ್ಟಿ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಮಂಚನಬೆಲೆ ದಾಟಿ, ರಾಮನಗರ, ಕನಕಪುರಗಳ ಪಕ್ಕದಲ್ಲಿ ಹರಿದು ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಕೆಂಗೇರಿ, ಬಿಡದಿ ಕಡೆಯಿಂದ ಬೆಂಗಳೂರಿನ ಕೊಳಚೆ ಹೊತ್ತು ತರುವ ವೃಷಭಾವತಿ ಇದಕ್ಕೇ ಬಂದು ಸೇರುತ್ತದೆ. ಸಂಗಮದಲ್ಲಿ ಕಾಲು ತೊಳೆಯಲು ಹೋಗುವ ಬೆಂಗಳೂರಿಗರು ಇದನ್ನು ತಿಳಿದಿರಬೇಕು. ನಾವು ಮನೆಯಲ್ಲಿ ಬಿಟ್ಟ ನೀರು ನಮಗಿಂತ ಮುಂಚೆ ಅಲ್ಲಿಗೆ ತಲುಪಿರುತ್ತದೆ.

ಸಂಗಮದಿಂದ ನಾಲ್ಕು ಕಿಲೋಮೀಟರಿನಷ್ಟು ಮುಂದೆ ಮೇಕೆದಾಟು. ಅಗಲವಾಗಿ ಬಂದ ಕಾವೇರಿ ಅಲ್ಲಿ ಕಲ್ಲಿನ ಇಕ್ಕಟ್ಟಿನೊಳಗೆ ನುಗ್ಗುತ್ತದೆ. ಮಳೆಗಾಲದ ಹೊಳೆ ಗುಂಡುಕಲ್ಲುಗಳನ್ನು ಸುಳಿಯಲ್ಲಿ ತಿರುಗಿಸಿ ತಿರುಗಿಸಿ ಬಂಡೆಯಲ್ಲೇ ಒರಳಿನಂಥ ಗುಳಿಗಳನ್ನು ಕೊರೆದಿದೆ. ಮೇಲಿನಿಂದ ನೀರು ಶಾಂತವಾಗಿ ಕಂಡರೂ ಕೆಳಗೆ ಸೆಳೆತವಿರುತ್ತದೆ. ಈಜು ಬಲ್ಲೆವೆಂದು ಇಳಿದ ಹುಡುಗರು ಇಲ್ಲಿ, ಮಂಚನಬೆಲೆಯಲ್ಲಿ, ಚುಂಚಿ ಜಲಪಾತದಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಎಚ್ಚರಿಕೆಯ ಫಲಕ ಹಾಕಿರುವುದು ಅದಕ್ಕೇ.

ಇದೇ ಕನಕಪುರ ತಾಲ್ಲೂಕಿನ ಕಬ್ಬಾಳು ಎಂದರೆ ಎಲ್ಲರಿಗೂ ಕಬ್ಬಾಳಮ್ಮ ದೇವಿ. ಭೂವಿಜ್ಞಾನಿಗಳಿಗೆ ಕಬ್ಬಾಳು ಎಂದರೆ ಅಲ್ಲಿನ ಒಂದು ಕಲ್ಲಿನ ಕ್ವಾರಿ. ಬೂದು ಬಣ್ಣದ ಕಲ್ಲು ನೆಲದಾಳದ ಶಾಖಕ್ಕೆ ಚಾರ್ನೊಕೈಟ್ ಎಂಬ ಕಪ್ಪು ಹಸಿರು ಕಲ್ಲಾಗುತ್ತಿದ್ದಾಗ ಅರ್ಧದಲ್ಲೇ ನಿಂತುಹೋದ ಸ್ಥಿತಿ ಅಲ್ಲಿ ಕಣ್ಣಿಗೆ ಕಾಣುತ್ತದೆ. ಅದನ್ನು ಗುರುತಿಸಿ 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದವರು ಸಿ.ಎಸ್. ಪಿಚ್ಚಮುತ್ತು. ಅಂದಿನಿಂದ ದೇಶ ವಿದೇಶದ ವಿಜ್ಞಾನಿಗಳು ಈ ಹಳ್ಳಿಗೆ ಬರುತ್ತಲೇ ಇದ್ದಾರೆ. ನಮ್ಮ ಶಾಲೆಗಳ ಪ್ರವಾಸದ ಪಟ್ಟಿಯಲ್ಲಿ ಮಾತ್ರ ಈ ಜಾಗ ಇಲ್ಲ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಾಲ್ಕೂ ಊರುಗಳನ್ನು ಒಂದೇ ದಿನ ಮುಗಿಸುವ ಹಠ ಬೇಡ. ರಾಮನಗರ, ಚನ್ನಪಟ್ಟಣಕ್ಕೆ ಒಂದು ದಿನ ಇಡಿ. ಬೆಂಗಳೂರಿನಿಂದ ರೈಲಿದೆ, ಇಳಿದರೆ ಊರೊಳಗೇ ಇರುತ್ತೀರಿ. ಕಾರೇ ಬೇಕೆಂದರೆ ದಶಪಥ ಬಿಟ್ಟು ಹಳೆಯ ರಸ್ತೆ ಹಿಡಿಯಿರಿ. ಮಾಗಡಿಗೆ ಒಂದು, ಕನಕಪುರಕ್ಕೆ ಒಂದು ದಿನ ಬೇರೆ ಇಡಿ. ಊಟ, ತಿಂಡಿ ಅಲ್ಲೇ ಮಾಡಿ. ಮಳೆ ಬಂದ ದಿನ ಸಾವನದುರ್ಗ ಹತ್ತಬೇಡಿ, ಬಂಡೆ ಜಾರುತ್ತದೆ. ರೇಷ್ಮೆ ಮಾರುಕಟ್ಟೆಯನ್ನು ಬೆಳಿಗ್ಗೆಯೇ ನೋಡಿಬಿಡಿ, ಮಧ್ಯಾಹ್ನಕ್ಕೆ ಖಾಲಿಯಾಗಿರುತ್ತದೆ. ಜಾನಪದ ಲೋಕಕ್ಕೆ ಮಂಗಳವಾರ ರಜೆ, ಉಳಿದ ಆರು ದಿನವೂ ಬಾಗಿಲು ತೆರೆದಿರುತ್ತದೆ.